ಒಡೆಯದ ಮೊಟ್ಟೆಯ ಲೆಕ್ಕ

ಕೋಲಾರದ ಕಡೆಯ ರೇಷ್ಮೆ ಬೆಳೆಗಾರರನ್ನು “ಈ ಬೆಳೆಗೆ ಎಷ್ಟು ಮೊಟ್ಟೆ ತಂದಿರಿ?” ಎಂದು ಕೇಳಿದರೆ “ನೂರು ಮೊಟ್ಟೆ” ಎಂದೋ “ಇನ್ನೂರು ಮೊಟ್ಟೆ” ಎಂದೋ ಉತ್ತರ ಬರುತ್ತದೆ. ಪರಸ್ಥಳದವರಿಗೆ ಇದು ಕೋಳಿಮೊಟ್ಟೆಯ ಲೆಕ್ಕದಂತೆ ಕೇಳಿಸೀತು. ಆದರೆ ರೇಷ್ಮೆಯವರ ಮಾತಿನಲ್ಲಿ ಒಂದು ಮೊಟ್ಟೆಯೆಂದರೆ ಒಂದು ತಾಯಿಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪು. ಆ ಗುಂಪಿನಲ್ಲಿ ಸಾಮಾನ್ಯವಾಗಿ ನಾನೂರರಿಂದ ಐನೂರರವರೆಗೆ ಬಿಡಿ ಮೊಟ್ಟೆಗಳಿರುತ್ತವೆ. ಹಾಳೆಯ ಮೇಲೆ ಅದು ಬಿಲ್ಲೆಯಂತೆ ದುಂಡಗೆ ಕಾಣಿಸುತ್ತದೆ. ಗೊಂದಲವಾಗದಿರಲೆಂದು ಈ ಭಾಷಣದಲ್ಲಿ ಗುಂಪನ್ನು ಬಿಲ್ಲೆ ಎಂದೂ, ಸಾಸಿವೆಯ ಗಾತ್ರದ ಒಂದೊಂದು ಕಾಳನ್ನು ಮೊಟ್ಟೆ ಎಂದೂ ಕರೆಯುತ್ತೇನೆ. ನೂರು ಬಿಲ್ಲೆ ತಂದವರು ನಲವತ್ತೈದು ಸಾವಿರದಷ್ಟು ಜೀವಗಳನ್ನು ಒಂದು ಕೈಚೀಲದಲ್ಲಿ ಮನೆಗೆ ತಂದಂತಾಯಿತು.

ಈ ಮೊಟ್ಟೆಗಳೆಲ್ಲವೂ ಒಡೆದು ಹುಳುವಾಗುವುದಿಲ್ಲ. ಕೆಲವು ಒಡೆಯದೆ ಹಾಗೆಯೇ ಉಳಿಯುತ್ತವೆ. ಉಳಿದವು ಕೆಲವೇ ಆದರೆ ಯಾರೂ ಗಮನಿಸುವುದಿಲ್ಲ. ಹೆಚ್ಚಾದರೆ ಮನೆಯಲ್ಲಿ ಮಾತು ಬೆಳೆಯುತ್ತದೆ. ಒಡೆಯದ ಮೊಟ್ಟೆ ಏಕೆ ಒಡೆಯಲಿಲ್ಲ, ಅದನ್ನು ನೋಡಿ ಕಾರಣ ತಿಳಿಯುವುದು ಸಾಧ್ಯವೆ, ತಿಳಿದ ಮೇಲೆ ಮಾಡಬೇಕಾದುದೇನು ಎಂಬ ಮೂರು ಪ್ರಶ್ನೆಗಳನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ನಾನು ಬಹು ಕಾಲ ಬಿತ್ತನೆ ಕೋಠಿಯ ಕೆಲಸದಲ್ಲಿದ್ದವನು. ಚಿಟ್ಟೆ ಮೊಟ್ಟೆಯಿಡುವ ಮನೆಯನ್ನೂ ಹುಳು ಗೂಡು ಕಟ್ಟುವ ಮನೆಯನ್ನೂ ಹತ್ತಿರದಿಂದ ಕಂಡಿದ್ದೇನೆ. ಹಾಗಾಗಿ ಈ ವಿಷಯ ನನಗೆ ಬರಿಯ ಪುಸ್ತಕದ ವಿಷಯವಲ್ಲ.

ಕೋಲಾರ ಜಿಲ್ಲೆಯನ್ನು ಚಿನ್ನ, ರೇಷ್ಮೆ, ಹಾಲುಗಳ ಜಿಲ್ಲೆಯೆಂದು ಹೊಗಳುವುದು ರೂಢಿ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಶಿಡ್ಲಘಟ್ಟ, ಚಿಂತಾಮಣಿಗಳಂಥ ರೇಷ್ಮೆಯ ಊರುಗಳು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದವು. ಆದರೂ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕೆಂಪು ಮಣ್ಣಿನಲ್ಲಿ ಹಿಪ್ಪುನೇರಳೆ ಇಂದಿಗೂ ಹಸುರಾಗಿದೆ. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಈ ನಾಡಿನಲ್ಲಿ ಆಳದ ಕೊಳವೆ ಬಾವಿಯ ನೀರನ್ನು ಅಳೆದು ಅಳೆದು ಸೊಪ್ಪು ಬೆಳೆಯುತ್ತಾರೆ. ಸೊಪ್ಪಿನ ಒಂದೊಂದು ಹೊರೆಗೂ ಬೆಲೆಯಿರುವಲ್ಲಿ ಒಡೆಯದ ಒಂದೊಂದು ಮೊಟ್ಟೆಗೂ ಬೆಲೆಯುಂಟು.

ಮೊದಲು ಮೊಟ್ಟೆಯ ಹುಟ್ಟನ್ನು ನೋಡೋಣ. ರೇಷ್ಮೆಚಿಟ್ಟೆ ಮನುಷ್ಯನ ಕೈಯಲ್ಲಿ ಸಾವಿರಾರು ವರ್ಷ ಬೆಳೆದು ಹಾರುವುದನ್ನೇ ಮರೆತ ಜೀವಿ. ಅದಕ್ಕೆ ಬಾಯಿದ್ದೂ ಉಣ್ಣುವುದಿಲ್ಲ, ರೆಕ್ಕೆಯಿದ್ದೂ ಹಾರುವುದಿಲ್ಲ. ನಸುಕಿನಲ್ಲಿ ಗೂಡಿನಿಂದ ಹೊರಬಂದ ಹೆಣ್ಣುಚಿಟ್ಟೆ ಕುಳಿತಲ್ಲೇ ಕುಳಿತು ತನ್ನ ಒಡಲ ತುದಿಯಿಂದ ಒಂದು ಬಗೆಯ ಪರಿಮಳವನ್ನು ಸೂಸುತ್ತದೆ. ಗಂಡು ರೆಕ್ಕೆ ಬಡಿಯುತ್ತಾ ಆ ಪರಿಮಳದ ಜಾಡು ಹಿಡಿದು ನಡೆದು ಬರುತ್ತದೆ. ಈ ಪರಿಮಳದ ವಸ್ತುವನ್ನು ಜರ್ಮನಿಯ ರಸಾಯನ ವಿಜ್ಞಾನಿ ಬ್ಯೂಟೆನಾಂಟ್ 1959ರಲ್ಲಿ ಬೇರ್ಪಡಿಸಿ ತೋರಿಸಿದರು. ಅದಕ್ಕಾಗಿ ಸುಮಾರು ಐದು ಲಕ್ಷ ಹೆಣ್ಣುಚಿಟ್ಟೆಗಳ ಗ್ರಂಥಿಗಳನ್ನು ಬಳಸಬೇಕಾಯಿತು. ಕೀಟಗಳ ಇಂಥ ಕರೆಯೋಲೆಗಳಲ್ಲಿ ಮನುಷ್ಯನು ಮೊದಲು ಓದಿದ್ದು ರೇಷ್ಮೆಚಿಟ್ಟೆಯದನ್ನೇ.

ಬಿತ್ತನೆ ಕೋಠಿಯಲ್ಲಿ ಗಂಡುಹೆಣ್ಣುಗಳನ್ನು ಮೂರು ನಾಲ್ಕು ಗಂಟೆಗಳ ಕಾಲ ಜೊತೆಯಾಗಿರಲು ಬಿಡುತ್ತಾರೆ. ಕೋಣೆ ಮಬ್ಬಾಗಿರಬೇಕು, ಸದ್ದಿಲ್ಲದಿರಬೇಕು, 25 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ತಂಪಾಗಿರಬೇಕು. ಅನಂತರ ಜೋಡಿಯನ್ನು ಮೆಲ್ಲನೆ ಬಿಡಿಸಿ, ಹೆಣ್ಣನ್ನು ಹಾಳೆಯ ಮೇಲಿಟ್ಟು, ಅದರ ಮೇಲೆ ಒಂದು ಬಳೆಯನ್ನೋ ಬಟ್ಟಲನ್ನೋ ಮುಚ್ಚುತ್ತಾರೆ. ಕತ್ತಲಲ್ಲಿ ಅದು ಮೊಟ್ಟೆಯಿಡತೊಡಗುತ್ತದೆ. ಬಹುಪಾಲು ಮೊಟ್ಟೆಗಳು ಮೊದಲ ರಾತ್ರಿಯಲ್ಲೇ ಬಂದುಬಿಡುತ್ತವೆ.

ಇಲ್ಲಿ ಒಂದು ಸೂಕ್ಷ್ಮವನ್ನು ಮನಸ್ಸಿನಲ್ಲಿಡಬೇಕು. ಜೊತೆಯಾದ ಕ್ಷಣದಲ್ಲೇ ಮೊಟ್ಟೆಗಳೆಲ್ಲ ಫಲಿತವಾಗಿಬಿಡುವುದಿಲ್ಲ. ಗಂಡಿನಿಂದ ಬಂದ ವೀರ್ಯಾಣುಗಳು ಹೆಣ್ಣಿನ ಒಡಲಿನಲ್ಲಿ ಒಂದು ಪುಟ್ಟ ಚೀಲದಲ್ಲಿ ಶೇಖರವಾಗಿರುತ್ತವೆ. ಮೊಟ್ಟೆಯೊಂದು ಹೊರಬೀಳುವ ಹಾದಿಯಲ್ಲಿ ಆ ಚೀಲದ ಬಾಯನ್ನು ಹಾದುಹೋಗುವಾಗ, ಚಿಪ್ಪಿನ ಒಂದು ತುದಿಯಲ್ಲಿರುವ ಸೂಕ್ಷ್ಮ ರಂಧ್ರದ ಮೂಲಕ ವೀರ್ಯಾಣು ಒಳಹೊಕ್ಕು ಅದನ್ನು ಫಲವತ್ತಾಗಿಸುತ್ತದೆ. ಅಂದರೆ ಒಂದೊಂದು ಮೊಟ್ಟೆಯೂ ಪ್ರತ್ಯೇಕವಾಗಿ, ತನ್ನ ಸರದಿ ಬಂದಾಗ, ಫಲಿತವಾಗಬೇಕು. ಚೀಲ ಬರಿದಾಗಿದ್ದರೆ ಅಥವಾ ಅದರಲ್ಲಿರುವುದಕ್ಕೆ ಸತ್ತ್ವವಿಲ್ಲದಿದ್ದರೆ ಮೊಟ್ಟೆ ಬರುತ್ತದೆ; ಆದರೆ ಅದರಲ್ಲಿ ಹುಳು ಬರುವುದಿಲ್ಲ.

ಇದು ರೇಷ್ಮೆಚಿಟ್ಟೆಯೊಂದರ ಸಂಗತಿಯಲ್ಲ. ಹುಂಜವಿಲ್ಲದ ಮನೆಯಲ್ಲೂ ಕೋಳಿ ಮೊಟ್ಟೆಯಿಡುತ್ತದೆ. ಕಾವಿಗೆ ಕೂರಿಸಿದ ಒಂದು ವಾರದ ಮೇಲೆ ಬೆಳಕಿಗೆ ಹಿಡಿದು ನೋಡಿದರೆ ಫಲಿತ ಮೊಟ್ಟೆಯಲ್ಲಿ ಜೇಡರ ಬಲೆಯಂಥ ಕೆಂಪು ನರಗಳು ಕಾಣುತ್ತವೆ. ಫಲಿತವಾಗದ ಮೊಟ್ಟೆ ಬರಿದೇ ಬೆಳ್ಳಗಿರುತ್ತದೆ. ಪರದೇಶಗಳಲ್ಲಿ ಚಿರತೆಯಂತೆ ಮೈತುಂಬ ಚುಕ್ಕೆಗಳಿರುವ ಒಂದು ಜಾತಿಯ ಹಲ್ಲಿಯನ್ನು ಮನೆಯಲ್ಲಿ ಮುದ್ದಿಗಾಗಿ ಸಾಕುವವರಿದ್ದಾರೆ. ಆಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಒಣ ಬೆಟ್ಟಗಳು ಅದರ ತವರು. ಈ ಹೆಣ್ಣುಹಲ್ಲಿಯೂ ಗಂಡಿನ ಮುಖ ಕಾಣದೆಯೇ ಎರಡೆರಡು ಮೊಟ್ಟೆಯಿಡುವುದುಂಟು. ಸಾಕುವವರು ದೀಪ ಹಿಡಿದು ನೋಡುತ್ತಾರೆ. ಕೆಂಪು ಎಳೆ ಕಾಣದ ಮೊಟ್ಟೆ ಮೆತ್ತಗಾಗಿ ಬೂಷ್ಟು ಹಿಡಿದಾಗ ಅದನ್ನು ತೆಗೆದುಹಾಕುತ್ತಾರೆ. ಕೋಳಿ, ಹಲ್ಲಿ, ಚಿಟ್ಟೆ ಮೂರಕ್ಕೂ ಅನ್ವಯಿಸುವ ನಿಯಮ ಒಂದೇ. ಮೊಟ್ಟೆಯಿಡುವುದು ತಾಯಿಯ ದೇಹದ ಕೆಲಸ. ಅದು ಫಲಿಸುವುದು ಇಬ್ಬರ ಕೆಲಸ.

ಈಗ ನಮ್ಮ ಹಾಳೆಗೆ ಹಿಂದಿರುಗೋಣ. ಒಡೆಯದ ಮೊಟ್ಟೆಗಳೆಲ್ಲ ಒಂದೇ ಬಗೆಯವಲ್ಲ. ಮೊದಲನೆಯ ಬಗೆ, ಎಂದೂ ಫಲಿತವಾಗದ ಮೊಟ್ಟೆ. ಎರಡನೆಯದು, ಫಲಿತವಾಗಿ, ಒಳಗೆ ಹುಳು ಸ್ವಲ್ಪ ದೂರ ಬೆಳೆದು ಸತ್ತ ಮೊಟ್ಟೆ. ಮೂರನೆಯದು, ಸಾಯದೆ ನಿದ್ರಿಸುತ್ತಿರುವ ಮೊಟ್ಟೆ. ಮೂರನ್ನೂ ಒಟ್ಟಿಗೆ ‘ಹಾಳು’ ಎಂದು ಕರೆದುಬಿಟ್ಟರೆ ಕಾರಣವನ್ನು ಹುಡುಕುವ ದಾರಿಯನ್ನೇ ಮುಚ್ಚಿದಂತಾಗುತ್ತದೆ.

ನಿದ್ರಿಸುವ ಮೊಟ್ಟೆಯ ಮಾತನ್ನು ಮೊದಲು ಮುಗಿಸುತ್ತೇನೆ. ಚಳಿದೇಶದ ಮೂಲದ ದ್ವಿತಳಿಯ ತಾಯಿ ಇಟ್ಟ ಮೊಟ್ಟೆ ಸ್ವಭಾವತಃ ಚಳಿಗಾಲವನ್ನು ಕಳೆದಲ್ಲದೆ ಒಡೆಯುವುದಿಲ್ಲ. ಅದನ್ನು ಎಬ್ಬಿಸಲು ಬಿತ್ತನೆ ಕೋಠಿಯವರು ಶೀತಗೃಹದಲ್ಲಿಡುತ್ತಾರೆ. ಇಲ್ಲವೆ, ಮೊಟ್ಟೆಯಿಟ್ಟ ಸುಮಾರು ಒಂದು ದಿನದೊಳಗೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಗೊತ್ತಾದ ಹೊತ್ತು ಅದ್ದಿ ತೆಗೆಯುತ್ತಾರೆ. ನಮ್ಮ ಹಳೆಯ ಶುದ್ಧ ಮೈಸೂರು ತಳಿಗೆ ಈ ನಿದ್ರೆಯಿಲ್ಲ. ಅದರ ಮೊಟ್ಟೆ ಹತ್ತು ದಿನಗಳ ಆಸುಪಾಸಿನಲ್ಲಿ ಒಡೆಯುತ್ತದೆ. ಮೊಟ್ಟೆ ನಿದ್ರಿಸಬೇಕೆ ಬೇಡವೆ ಎಂಬುದನ್ನು ನಿರ್ಧರಿಸುವುದು ತಾಯಿಯ ತಳಿ, ತಂದೆಯದಲ್ಲ.

ಈ ಕಾರಣದಿಂದಲೇ ನಮ್ಮ ಜಿಲ್ಲೆಯ ಹೆಸರನ್ನು ಹೊತ್ತ ಒಂದು ಮಿಶ್ರತಳಿ ಬೆಳೆಗಾರರಿಗೆ ಅನುಕೂಲವಾಯಿತು. ಅದರ ಹೆಸರು ‘ಕೋಲಾರ್ ಗೋಲ್ಡ್’. ತಾಯಿ ಶುದ್ಧ ಮೈಸೂರು, ತಂದೆ ಸಿ.ಎಸ್.ಆರ್. 2 ಎಂಬ ದ್ವಿತಳಿ. ಈ ದ್ವಿತಳಿಯನ್ನು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ 1990ರ ದಶಕದಲ್ಲಿ, ಜಪಾನಿನ ತಜ್ಞರ ಸಹಕಾರದ ಕಾಲದಲ್ಲಿ ರೂಪಿಸಿದರು. ತಾಯಿಯದು ಇಲ್ಲಿನ ಬಿಸಿಲಿಗೆ ಒಗ್ಗಿದ ಗಟ್ಟಿ ಜೀವ. ತಂದೆಯಿಂದ ಬರುವುದು ಹೆಚ್ಚಿನ ನೂಲು. ಇವೆರಡರ ಗೂಡು ಹಳದಿಯಾಗಿ ಹೊಳೆಯುತ್ತದೆ. ಗಣಿಯ ಚಿನ್ನ ಮುಗಿದ ಊರಿನ ಹೆಸರಿನಲ್ಲಿ ಈ ಚಿನ್ನ ಉಳಿದಿದೆ. ತಾಯಿ ಶುದ್ಧ ಮೈಸೂರಾದ್ದರಿಂದ ಮೊಟ್ಟೆಗೆ ನಿದ್ರೆಯಿಲ್ಲ. ಆಮ್ಲದ ಸ್ನಾನವೂ ಬೇಡ.

ಇನ್ನು ಉಳಿದ ಎರಡು ಬಗೆಗಳು: ಫಲಿತವಾಗದ್ದು ಮತ್ತು ಫಲಿತವಾಗಿ ಸತ್ತದ್ದು. ಇವನ್ನು ಬಣ್ಣದಿಂದ ತಿಳಿಯಬಹುದು. ಇಟ್ಟ ಹೊಸತರಲ್ಲಿ ಎಲ್ಲ ಮೊಟ್ಟೆಗಳೂ ಹಳದಿ. ದ್ವಿತಳಿಯ ನಿದ್ರಿಸುವ ಮೊಟ್ಟೆಯಾದರೆ ಎರಡು ಮೂರು ದಿನಗಳಲ್ಲೇ ಕೆಂಪಾಗಿ, ಅನಂತರ ಬೂದಿಗಪ್ಪಾಗುತ್ತದೆ. ಆ ಕಪ್ಪಿನ ನಡುವೆ ಹಳದಿಯಾಗಿಯೇ ಉಳಿದದ್ದು ಫಲಿತವಾಗದ್ದು. ಇಲ್ಲಿ ಗುರುತಿಸುವುದು ಸುಲಭ. ಕೋಲಾರ್ ಗೋಲ್ಡ್ ಹಾಳೆಯಲ್ಲಿ ಅಷ್ಟು ಸುಲಭವಲ್ಲ. ನಿದ್ರೆಯಿಲ್ಲದ ಮೊಟ್ಟೆ ಫಲಿತವಾಗಿದ್ದರೂ ಮೊದಲ ವಾರವೆಲ್ಲ ಹಳದಿಯಾಗಿಯೇ ಇರುತ್ತದೆ. ಮೂರನೆಯ ದಿನ ನೋಡಿ “ಎಲ್ಲವೂ ಹಳದಿ, ಕೆಟ್ಟಿತು” ಎಂದು ಹಾಳೆಯನ್ನು ಎಸೆಯಬಾರದು.

ಒಡೆಯಲು ಎರಡು ದಿನವಿರುವಾಗ ಒಂದು ತುದಿಯಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣಿಸುತ್ತದೆ. ಅದು ಹುಳುವಿನ ತಲೆ. ಮರುದಿನ ಮೊಟ್ಟೆಯೆಲ್ಲ ನೀಲಿಯಾಗುತ್ತದೆ; ಅದು ಚಿಪ್ಪಿನ ಮೂಲಕ ಕಾಣುವ ಹುಳುವಿನ ಮೈ. ಅದರ ಮರುದಿನ ಬೆಳಗ್ಗೆ ಹುಳು ಚಿಪ್ಪು ಕಚ್ಚಿ ಹೊರಬರುತ್ತದೆ. ಒಡೆದ ಮೊಟ್ಟೆ ಬೆಳ್ಳಗಿನ ಪೊಳ್ಳು ಚಿಪ್ಪಾಗಿ, ಒಂದು ಬದಿಯಲ್ಲಿ ತೂತಾಗಿ ಉಳಿಯುತ್ತದೆ. ಆ ಹೊತ್ತಿಗೆ ಫಲಿತವಾಗದ ಮೊಟ್ಟೆ ಹಳದಿಯಾಗಿಯೇ ಇದ್ದು, ನಡುವೆ ಗುಳಿಬಿದ್ದು ಸೊರಗಿರುತ್ತದೆ. ಫಲಿತವಾಗಿ ಸತ್ತದ್ದು ಕಪ್ಪು ಚುಕ್ಕೆ ಹೊತ್ತೋ ನೀಲಿಯಾಗಿಯೋ ಒಣಗಿರುತ್ತದೆ. ಹೀಗೆ ಹುಳು ಹೊರಬಂದ ಮೇಲೆ ಹಾಳೆಯ ಮೇಲೆ ಬಿಳಿ, ಹಳದಿ, ನೀಲಿ ಎಂಬ ಮೂರು ಬಣ್ಣಗಳು ಉಳಿಯುತ್ತವೆ. ಬಿಳಿಯದು ಬದುಕಿ ಹೋಯಿತು. ಹಳದಿಯದು ಹುಟ್ಟಲೇ ಇಲ್ಲ. ನೀಲಿಯದು ಹುಟ್ಟಿ, ಹೊರಬರಲಾರದೆ ಸತ್ತಿತು.

ಹಳದಿಯ ಕಾರಣಗಳು ಬಿತ್ತನೆ ಕೋಠಿಯಲ್ಲಿ ಅಥವಾ ಅದಕ್ಕೂ ಹಿಂದೆ ಇವೆ. ಜೊತೆಯಾಗಲು ಸಾಕಷ್ಟು ಹೊತ್ತು ಸಿಕ್ಕದಿದ್ದರೆ, ಒಂದೇ ಗಂಡನ್ನು ಎರಡಕ್ಕಿಂತ ಹೆಚ್ಚು ಬಾರಿ ಬಳಸಿದರೆ, ಗಂಡನ್ನು ಶೀತದಲ್ಲಿ ಬಹಳ ದಿನ ಕೂಡಿಟ್ಟರೆ, ಕೋಣೆ ವಿಪರೀತ ಬೆಚ್ಚಗಾದರೆ ಹಳದಿ ಹೆಚ್ಚುತ್ತದೆ. ಇವೆಲ್ಲಕ್ಕಿಂತ ಗಮನಿಸತಕ್ಕದ್ದು ಇನ್ನೊಂದಿದೆ. ದ್ವಿತಳಿಯ ಹುಳು ಗೂಡು ಕಟ್ಟುವ ಕಾಲದಲ್ಲೂ ಕೋಶಾವಸ್ಥೆಯಲ್ಲೂ 32 ಡಿಗ್ರಿಯನ್ನು ಮೀರಿದ ಸೆಕೆಗೆ ಸಿಕ್ಕಿದರೆ, ಅದರಿಂದ ಬರುವ ಗಂಡುಚಿಟ್ಟೆ ನೋಡಲು ಚೆನ್ನಾಗಿಯೇ ಇರುತ್ತದೆ, ರೆಕ್ಕೆ ಬಡಿಯುತ್ತದೆ, ಹೆಣ್ಣಿನೊಡನೆ ಜೊತೆಯಾಗುತ್ತದೆ. ಆದರೆ ಅದರ ವೀರ್ಯದಲ್ಲಿ ಸತ್ತ್ವವಿರುವುದಿಲ್ಲ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳುಗಳ ಬಿಸಿಲನ್ನು ಬಲ್ಲವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಕೋಲಾರ್ ಗೋಲ್ಡ್‌ನ ಜೋಡಿಯಲ್ಲಿ ಸೆಕೆಗೆ ಸೋಲುವುದು ಗಟ್ಟಿಜೀವದ ತಾಯಿಯಲ್ಲ, ಸುಕುಮಾರನಾದ ತಂದೆ.

ಆದರೂ ನಮ್ಮ ಮಾತಿನ ರೂಢಿಯೇನು? ಫಲಿತವಾಗದ ಮೊಟ್ಟೆಯನ್ನು ಜೊಳ್ಳು ಎನ್ನುವವರಿದ್ದಾರೆ. ಅದು ಒಪ್ಪತಕ್ಕ ಮಾತು, ಹೊಲದಿಂದ ಬಂದ ಮಾತು. ಬಂಜೆ ಮೊಟ್ಟೆ ಎನ್ನುವವರೂ ಇದ್ದಾರೆ. ಆ ಮಾತನ್ನು ಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ತಾಯಿಚಿಟ್ಟೆ ತನ್ನ ಪಾಲಿನ ನಾನೂರು ಮೊಟ್ಟೆಯನ್ನೂ ಇಟ್ಟು ಮುಗಿಸಿದೆ. ಕೊರತೆ ಅವಳದೆಂದು ಹೇಳಲು ಆಧಾರವೇನೂ ಇಲ್ಲದಿರುವಾಗ ಹೆಸರು ಮಾತ್ರ ಅವಳ ಮೇಲೆ ಬರುತ್ತದೆ.

ಜೊಳ್ಳನ್ನು ತೂರುವ ಉಪಾಯವೂ ಒಂದುಂಟು. ಭತ್ತದ ಬೀಜವನ್ನು ಉಪ್ಪುನೀರಿನಲ್ಲಿ ಹಾಕಿ, ತೇಲಿದ ಜೊಳ್ಳನ್ನು ತೆಗೆದು, ಮುಳುಗಿದ ಗಟ್ಟಿಕಾಳನ್ನು ಬಿತ್ತುವುದನ್ನು ರೈತರು ಬಲ್ಲರು. ದ್ವಿತಳಿಯ ಮೊಟ್ಟೆಯನ್ನು ಬಿಡಿಮೊಟ್ಟೆಯಾಗಿ ಪೆಟ್ಟಿಗೆಯಲ್ಲಿ ತುಂಬಿ ಕೊಡುವ ಪದ್ಧತಿಯಲ್ಲಿ ಇದನ್ನೇ ಮಾಡುತ್ತಾರೆ. ಗಂಜಿ ಬಳಿದ ಹಾಳೆಯಿಂದ ಮೊಟ್ಟೆಗಳನ್ನು ನೀರಿನಲ್ಲಿ ಬಿಡಿಸಿ, ಹದವಾದ ಉಪ್ಪುನೀರಿಗೆ ಹಾಕಿದರೆ ಫಲಿತವಾಗದ ಹಾಗೂ ಸತ್ತ ಹಗುರ ಮೊಟ್ಟೆಗಳು ತೇಲುತ್ತವೆ. ಅವನ್ನು ತೆಗೆದು ಉಳಿದುದನ್ನು ತೊಳೆದು ಒಣಗಿಸಿ ತೂಕ ಮಾಡುತ್ತಾರೆ. ಆದರೆ ಹಾಳೆಗೆ ಅಂಟಿಕೊಂಡೇ ಬರುವ ಬಿಲ್ಲೆಯಲ್ಲಿ ಈ ತೂರುವಿಕೆ ಸಾಧ್ಯವಿಲ್ಲ. ಗಟ್ಟಿಯೂ ಜೊಳ್ಳೂ ಒಂದೇ ಹಾಳೆಯಲ್ಲಿ ಒಂದೇ ಬೆಲೆಗೆ ಮನೆಗೆ ಬರುತ್ತವೆ. ಅದನ್ನು ಮನೆಯಲ್ಲಿ ಉಗುರಿನಿಂದ ಕೆರೆದು ತೆಗೆಯಹೋಗಬಾರದು. ಹಳದಿ ಮೊಟ್ಟೆಯಿಂದ ನೆರೆಯ ಮೊಟ್ಟೆಗೆ ಯಾವ ರೋಗವೂ ಅಂಟುವುದಿಲ್ಲ. ಕೆರೆದರೆ ಗಟ್ಟಿ ಮೊಟ್ಟೆಗೇ ಪೆಟ್ಟು.

ಇಲ್ಲಿ ಸಾಮಾನ್ಯವಾದ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಹಾಳೆಯ ಮೇಲೆ ‘ರೋಗರಹಿತ ಮೊಟ್ಟೆ’ ಎಂಬ ಮುದ್ರೆಯಿದ್ದರೆ ಎಲ್ಲವೂ ಒಡೆಯಲೇಬೇಕೆಂದು ಹಲವರ ನಂಬಿಕೆ. ಆ ಮುದ್ರೆಯ ಕಥೆ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪೆಬ್ರಿನ್ ಎಂಬ ಗಂಟುರೋಗ ಫ್ರಾನ್ಸಿನ ರೇಷ್ಮೆಯನ್ನು ನೆಲಕಚ್ಚಿಸಿತು. ಅದು ತಾಯಿಯಿಂದ ಮೊಟ್ಟೆಗೆ ಇಳಿಯುವ ರೋಗ. ಅದನ್ನು ಶೋಧಿಸಲು 1865ರಲ್ಲಿ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿನ ಆಲೆಸ್ ಪ್ರಾಂತ್ಯಕ್ಕೆ ಹೋದರು. ಮೊಟ್ಟೆಯಿಟ್ಟು ಮುಗಿಸಿದ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗಾಣು ಕಂಡರೆ ಅವಳ ಮೊಟ್ಟೆಯನ್ನು ಸುಡುವುದು ಎಂಬ ಸರಳ ವಿಧಾನವನ್ನು ಅವರು ಕೊಟ್ಟರು. ಮೈಸೂರು ಸಂಸ್ಥಾನದಲ್ಲಿ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ 1914ರ ಸುಮಾರಿಗೆ ಚನ್ನಪಟ್ಟಣದಲ್ಲಿ ಕೆಲಸ ಆರಂಭಿಸಿದಾಗಿನಿಂದ ಶುದ್ಧ ಬಿತ್ತನೆಯ ಕಲ್ಪನೆ ನಮ್ಮಲ್ಲಿ ಬೇರೂರಿತು. ಆ ವಿಧಾನದ ತಿರುಳು ಇಂದಿಗೂ ಅದೇ. ಮುದ್ರೆ ಹೇಳುವುದಿಷ್ಟು: ಈ ತಾಯಿಯಲ್ಲಿ ಗಂಟುರೋಗ ಕಾಣಲಿಲ್ಲ. ಮೊಟ್ಟೆ ಫಲಿತವಾಗಿದೆಯೆಂದಾಗಲಿ, ದಾರಿಯಲ್ಲಿ ಸಾಯದೆಂದಾಗಲಿ ಅದು ಹೇಳುವುದಿಲ್ಲ. ಎರಡು ಬೇರೆ ಪ್ರಶ್ನೆಗಳಿಗೆ ಒಂದೇ ಮುದ್ರೆಯಿಂದ ಉತ್ತರ ಸಿಗದು.

ಇನ್ನು ನೀಲಿಯ ಕಾರಣಗಳು. ಇವು ಬಹುಮಟ್ಟಿಗೆ ದಾರಿಯಲ್ಲಿ ಅಥವಾ ಮನೆಯಲ್ಲಿ ಇವೆ. ಮೊಟ್ಟೆಯೂ ಉಸಿರಾಡುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ಅದಕ್ಕೆ ಉಸಿರು ಕಟ್ಟುತ್ತದೆ. ಮೊಟ್ಟೆಯಲ್ಲಿರುವ ನೀರು ಬಹು ಸ್ವಲ್ಪ; ಒಣಗಾಳಿ ಅದನ್ನು ಹೀರಿಬಿಡುತ್ತದೆ. ಬಿಸಿಲಿನಲ್ಲಿ ನಿಂತ ವಾಹನದ ಪೆಟ್ಟಿಗೆಯೊಳಗಿನ ಕಾವು ಹುಳುವನ್ನು ಚಿಪ್ಪಿನಲ್ಲೇ ಬೇಯಿಸುತ್ತದೆ. ಹೊಗೆಸೊಪ್ಪು, ಕೀಟನಾಶಕಗಳ ಆವಿಯೂ ಅದಕ್ಕೆ ವಿಷ. ನಮ್ಮ ಜಿಲ್ಲೆ ಟೊಮೆಟೊವಿನ ಜಿಲ್ಲೆ, ಶ್ರೀನಿವಾಸಪುರ ಮಾವಿನ ತಾಲ್ಲೂಕು. ಎರಡಕ್ಕೂ ಔಷಧಿ ಹೊಡೆಯುತ್ತಾರೆ. ಒಂದೇ ಚೀಲದಲ್ಲಿ ಒಂದು ಬದಿಗೆ ಔಷಧಿಯ ಡಬ್ಬ, ಇನ್ನೊಂದು ಬದಿಗೆ ಮೊಟ್ಟೆಯ ಹಾಳೆ ಬರುವುದನ್ನು ನಾನು ಬಸ್ ನಿಲ್ದಾಣಗಳಲ್ಲಿ ನೋಡಿದ್ದೇನೆ.

ಆದುದರಿಂದ ಮೊಟ್ಟೆಯನ್ನು ತಂಪು ಹೊತ್ತಿನಲ್ಲಿ, ಬೆಳಗಿನ ಜಾವವೋ ಸಂಜೆಯೋ, ಗಾಳಿಯಾಡುವ ಬಟ್ಟೆಯ ಚೀಲದಲ್ಲಿ, ಸುತ್ತ ಒದ್ದೆ ಬಟ್ಟೆಯ ತಂಪಿಟ್ಟು ತರಬೇಕು. ದಾರಿಯಲ್ಲಿ ಬೇರೆ ಕೆಲಸಗಳನ್ನು ಇಟ್ಟುಕೊಳ್ಳಬಾರದು. ಮನೆಯಲ್ಲಿ ಹಾಳೆಗಳನ್ನು ಒಂದರ ಮೇಲೊಂದು ಪೇರಿಸದೆ ಹರಡಿ, 25 ಡಿಗ್ರಿ ಶಾಖ, ನೂರಕ್ಕೆ 80ರ ಆಸುಪಾಸಿನ ತೇವ ಇರುವಂತೆ ನೋಡಿಕೊಳ್ಳಬೇಕು. ಒದ್ದೆ ಮರಳಿನ ಮೇಲೆ ಮಣ್ಣಿನ ಮಡಕೆಯಿಟ್ಟು ಅದರೊಳಗೆ ಹಾಳೆಯಿಡುವ ಹಳೆಯ ಉಪಾಯವೂ ಕೆಟ್ಟದ್ದಲ್ಲ. ದಿನಕ್ಕೆ ಹದಿನಾರು ಗಂಟೆ ಬೆಳಕು, ಎಂಟು ಗಂಟೆ ಕತ್ತಲು ಸಿಗಬೇಕು. ಕಪ್ಪು ಚುಕ್ಕೆ ಕಂಡ ದಿನ ಹಾಳೆಯನ್ನು ಕಪ್ಪು ಕಾಗದದಲ್ಲೋ ಬಟ್ಟೆಯಲ್ಲೋ ಸುತ್ತಿ ಕತ್ತಲಲ್ಲಿಟ್ಟು, ಒಡೆಯುವ ದಿನ ಬೆಳಗ್ಗೆ ಒಮ್ಮೆಲೇ ಬೆಳಕಿಗೆ ತೆರೆದರೆ, ಮುಂದಿದ್ದ ಹುಳು ಹಿಂದಿನದಕ್ಕಾಗಿ ಕಾದಿದ್ದು ಎಲ್ಲವೂ ಒಟ್ಟಿಗೆ ಹೊರಬರುತ್ತವೆ. ಒಟ್ಟಿಗೆ ಬಂದರೆ ಒಟ್ಟಿಗೆ ಜ್ವರಕ್ಕೆ ಕೂರುತ್ತವೆ, ಒಟ್ಟಿಗೆ ಹಣ್ಣಾಗಿ ಚಂದ್ರಿಕೆ ಏರುತ್ತವೆ.

ಈಗ ಲೆಕ್ಕದ ಮಾತು. ಹುಳುವನ್ನು ಸೊಪ್ಪಿಗೆ ಇಳಿಸಿದ ಮೇಲೆ ಖಾಲಿ ಹಾಳೆಯನ್ನು ಒಲೆಗೆ ಹಾಕುವುದು ವಾಡಿಕೆ. ಹಾಕುವ ಮುಂಚೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಬೇರೆ ಬೇರೆ ಹಾಳೆಗಳಿಂದ ನಾಲ್ಕೈದು ಬಿಲ್ಲೆಗಳನ್ನು, ಚೆನ್ನಾಗಿರುವುದನ್ನೇ ಆಯದೆ, ಕಣ್ಣುಮುಚ್ಚಿ ಆರಿಸಿ. ಒಂದು ಭೂತಗನ್ನಡಿ, ಒಂದು ಸೂಜಿ, ಒಂದು ಪೆನ್ಸಿಲ್ ಸಾಕು. ಬಿಳಿ, ಹಳದಿ, ನೀಲಿಗಳನ್ನು ಬೇರೆ ಬೇರೆಯಾಗಿ ಎಣಿಸಿ ಬರೆಯಿರಿ. ಒಂದು ಬಿಲ್ಲೆಯಲ್ಲಿ ಒಟ್ಟು 400 ಮೊಟ್ಟೆ, ಅದರಲ್ಲಿ ಬಿಳಿ 360, ಹಳದಿ 12, ನೀಲಿ 28 ಎಂದಿಟ್ಟುಕೊಳ್ಳಿ. ನೂರಕ್ಕೆ 90 ಒಡೆಯಿತು, 3 ಫಲಿಸಲಿಲ್ಲ, 7 ಸತ್ತವು. ಒಳ್ಳೆಯ ಬಿತ್ತನೆಯಲ್ಲಿ ಒಡೆಯುವ ಪ್ರಮಾಣ ನೂರಕ್ಕೆ 90ನ್ನು ಮೀರಬೇಕು. 95 ಬಂದರೆ ಸಂತೋಷ. ಈ ಉದಾಹರಣೆಯಲ್ಲಿ ಹಳದಿಗಿಂತ ನೀಲಿಯೇ ಹೆಚ್ಚು. ಆದ್ದರಿಂದ ಮೊದಲು ವಿಚಾರಿಸಬೇಕಾದದ್ದು ದಾರಿಯನ್ನು ಮತ್ತು ಮನೆಯ ಶಾಖವನ್ನು. ಹಳದಿಯೇ ಹೆಚ್ಚಾಗಿದ್ದರೆ ಆ ಲೆಕ್ಕದ ಚೀಟಿಯನ್ನೂ ಹಾಳೆಯನ್ನೂ ಹಿಡಿದು ಮೊಟ್ಟೆ ಕೊಟ್ಟವರನ್ನು ಕೇಳಬಹುದು. ಬರಿಮಾತಿಗೆ ಉತ್ತರ ಕೊಡದವರೂ ಎಣಿಕೆಗೆ ಉತ್ತರ ಕೊಡಬೇಕಾಗುತ್ತದೆ.

ನೂರಕ್ಕೆ ಹತ್ತು ಎಂಬುದು ಸಣ್ಣ ನಷ್ಟವೆ? ನೂರು ಬಿಲ್ಲೆಯಲ್ಲಿ 45,000 ಮೊಟ್ಟೆಯಿದ್ದರೆ 4,500 ಹುಳು ಬರಲೇ ಇಲ್ಲ. ಅವೆಲ್ಲ ಬದುಕಿ ಗೂಡು ಕಟ್ಟಿದ್ದರೆ, ಗೂಡೊಂದಕ್ಕೆ ಒಂದೂವರೆ ಗ್ರಾಮಿನಂತೆ, ಆರೂಮುಕ್ಕಾಲು ಕಿಲೋ ಗೂಡಾಗುತ್ತಿತ್ತು. ಎಣಿಸಿದವರಿಗೆ ಇನ್ನೊಂದು ಲಾಭವಿದೆ. ತಟ್ಟೆಯಲ್ಲಿ ನಿಜವಾಗಿ ಎಷ್ಟು ಹುಳುವಿದೆಯೆಂದು ತಿಳಿಯುವುದರಿಂದ ಅಷ್ಟಕ್ಕೆ ತಕ್ಕಷ್ಟೇ ಸೊಪ್ಪು ಕೊಯ್ಯಬಹುದು. ಹೆಚ್ಚಾದ ಸೊಪ್ಪು ತಟ್ಟೆಯಲ್ಲಿ ಕೊಳೆತರೆ ಇದ್ದ ಹುಳುವಿಗೂ ಕೇಡು.

ಆದರೆ ಈ ಲೆಕ್ಕದ ನಿಜವಾದ ಬೆಲೆಯನ್ನು ನಾನು ಕಿಲೋಗಳಲ್ಲಿ ಕಂಡವನಲ್ಲ. ರೇಷ್ಮೆಯ ಮನೆಗೆಲಸದ ಬಹುಪಾಲು ಹೆಂಗಸರ ಕೈಯಲ್ಲಿದೆ. ಬೆಳೆ ಕೆಟ್ಟಾಗ ದೂರು ಹೋಗುವುದೂ ಅವರ ಕಡೆಗೇ. ಮೈಲಿಗೆಯಾಯಿತು, ದೃಷ್ಟಿಯಾಯಿತು, ಕೈಗುಣ ಸರಿಯಿಲ್ಲ ಎಂಬ ಮಾತುಗಳು ಎಷ್ಟೋ ಹಳ್ಳಿಗಳಲ್ಲಿ ಇನ್ನೂ ಕೇಳಿಬರುತ್ತವೆ. ಹೊರಗಿನವರು ಹುಳುಮನೆಗೆ ಬರಬಾರದೆಂಬ ಕಟ್ಟಳೆಯಲ್ಲಿ ರೋಗ ತಡೆಯುವ ವಿವೇಕವಿದೆ, ಅದನ್ನು ಉಳಿಸಿಕೊಳ್ಳೋಣ. ಆದರೆ ಮನೆಯ ಹೆಣ್ಣುಮಗಳ ಮೈಯ ಸಹಜ ಧರ್ಮದಿಂದ ಮೊಟ್ಟೆ ಒಡೆಯುವುದಿಲ್ಲವೆಂಬುದಕ್ಕೆ ಯಾವ ಆಧಾರವೂ ಇಲ್ಲ.

ಕೆಲವು ವರ್ಷಗಳ ಹಿಂದೆ ಮುಳಬಾಗಿಲು ತಾಲ್ಲೂಕಿನ ಗಡಿಯ ಹಳ್ಳಿಯೊಂದರಲ್ಲಿ ಹೀಗಾಯಿತು. ಕನ್ನಡ, ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಊರು. ಬೇಸಗೆಯ ದಿನ. ಅಕ್ಕಪಕ್ಕದ ಎರಡು ಮನೆಯವರು ಒಂದೇ ದಿನ, ಒಂದೇ ತಂಡದ ಹಾಳೆಗಳನ್ನು ತಂದಿದ್ದರು. ಒಂದು ಮನೆಯಲ್ಲಿ ಹುಳು ಚೆನ್ನಾಗಿ ಎದ್ದಿತು. ಇನ್ನೊಂದರಲ್ಲಿ ಹಾಳೆಯ ಅರ್ಧ ಹಾಗೆಯೇ ಉಳಿಯಿತು. ಆ ಮನೆಗೆ ಹೊಸದಾಗಿ ಬಂದ ಸೊಸೆಯೇ ಆ ಬಾರಿ ಮೊಟ್ಟೆಯ ಆರೈಕೆ ಮಾಡಿದ್ದಳು. ನಾನು ಹೋಗುವ ಹೊತ್ತಿಗೆ ತೀರ್ಪು ಆಗಿಹೋಗಿತ್ತು. ಅವಳು ಹುಳುಮನೆಯ ಹೊಸ್ತಿಲಿನಿಂದ ಈಚೆಗೆ ನಿಂತಿದ್ದಳು.

ಎರಡೂ ಮನೆಯ ಹಾಳೆಗಳನ್ನು ಜಗುಲಿಯ ಮೇಲೆ ಹರಡಿ ಎಣಿಸಿದೆವು. ಎಣಿಸಿದವಳು ಆ ಸೊಸೆಯೇ. ಅವಳು ಓದಿದವಳು, ಕಣ್ಣು ಚುರುಕು. ಹಳದಿ ಎರಡು ಮನೆಯಲ್ಲೂ ಹೆಚ್ಚುಕಡಮೆ ಒಂದೇ ಸಮ, ಅದೂ ಸ್ವಲ್ಪವೇ. ಬಿತ್ತನೆಯಲ್ಲಿ ದೋಷವಿರಲಿಲ್ಲ. ಎರಡನೆಯ ಮನೆಯ ಹಾಳೆಯಲ್ಲಿ ಮಾತ್ರ ನೀಲಿಯೋ ನೀಲಿ. ತಲೆ ಕಪ್ಪಾಗಿ ಒಣಗಿದ ಹುಳುಗಳು. ಆಗ ದಾರಿಯನ್ನು ವಿಚಾರಿಸಿದೆವು. ಮೊದಲ ಮನೆಯವರು ಹಾಳೆ ಪಡೆದವರೇ ಬೆಳಗಿನ ಬಸ್ಸಿನಲ್ಲಿ ಊರು ಸೇರಿದ್ದರು. ಎರಡನೆಯ ಮನೆಯ ಯಜಮಾನರು ಸಂತೆ, ಬ್ಯಾಂಕು, ಔಷಧಿಯ ಅಂಗಡಿ ಎಲ್ಲ ಮುಗಿಸಿ ಇಳಿಹೊತ್ತಿಗೆ ಬಂದಿದ್ದರು. ಹಾಳೆಗಳು ಅಷ್ಟು ಹೊತ್ತು ಬಿಸಿಲಿನಲ್ಲಿ ನಿಂತ ಮೋಟಾರ್ ಸೈಕಲ್ಲಿನ ಚೀಲದಲ್ಲಿ, ಟೊಮೆಟೊ ಔಷಧಿಯ ಪಕ್ಕದಲ್ಲಿದ್ದವು. ಆ ಮನೆಯ ಹಿರಿಯಾಕೆ ಸೊಸೆಯ ಕೈಯಿಂದ ಭೂತಗನ್ನಡಿ ತೆಗೆದುಕೊಂಡು ತಾವೇ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ “ಒಳಗೆ ಹೋಗಿ ಹುಳುವಿಗೆ ಸೊಪ್ಪು ಹಾಕಮ್ಮ” ಎಂದರು. ಅಷ್ಟೆ.

ಈಗ ಪದ್ಧತಿ ಬದಲಾಗುತ್ತಿದೆ. ಅನೇಕ ಬೆಳೆಗಾರರು ಮೊಟ್ಟೆಯನ್ನು ಮನೆಗೆ ತರುವುದೇ ಇಲ್ಲ. ಚಾಕಿ ಸಾಕಾಣಿಕೆ ಕೇಂದ್ರದಿಂದ ಎರಡನೆಯ ಜ್ವರ ಕಳೆದ ಹುಳುವನ್ನೇ ತರುತ್ತಾರೆ. ಇದು ಒಳ್ಳೆಯ ವ್ಯವಸ್ಥೆ. ಕಾವು, ತೇವ, ಕತ್ತಲು, ಬೆಳಕುಗಳನ್ನು ಕೇಂದ್ರದವರು ಗುಡಿಸಲಿನಲ್ಲಿ ಆಗುವುದಕ್ಕಿಂತ ಚೆನ್ನಾಗಿ ಕಾಪಾಡಬಲ್ಲರು. ಆದರೆ ಹಾಳೆ ಕಣ್ಣಿಗೆ ಬೀಳದಿದ್ದರೂ ಲೆಕ್ಕ ಕೇಳುವ ಹಕ್ಕು ಹೋಗುವುದಿಲ್ಲ. ‘ನೂರು ಮೊಟ್ಟೆಯ ಚಾಕಿ’ ಎಂದು ಹಣ ಕೊಡುವಾಗ, ಆ ತಂಡದಲ್ಲಿ ನೂರಕ್ಕೆ ಎಷ್ಟು ಒಡೆಯಿತೆಂದು ಕೇಳಿ ಬರೆದುಕೊಳ್ಳಬೇಕು. ಅಚ್ಚುಕಟ್ಟಾಗಿ ನಡೆಸುವ ಕೇಂದ್ರದವರು ಇದನ್ನು ಬರೆದಿಟ್ಟಿರುತ್ತಾರೆ. ಕೇಳಿದರೆ ಸಂತೋಷದಿಂದಲೇ ತೋರಿಸುತ್ತಾರೆ.

ಮೊಟ್ಟೆಯಿಂದ ಹೊರಬಂದ ಹುಳು ಇರುವೆಯಂತೆ ಕಪ್ಪಗೆ, ಮೂರು ಮಿಲಿಮೀಟರಿನಷ್ಟು ಉದ್ದ. ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಅದು ತನ್ನ ತೂಕದ ಹತ್ತು ಸಾವಿರ ಪಟ್ಟಿನಷ್ಟು ಬೆಳೆಯುತ್ತದೆ. ಆ ಬೆಳವಣಿಗೆಯನ್ನು ಎಲ್ಲರೂ ಕಣ್ಣರಳಿಸಿ ನೋಡುತ್ತಾರೆ. ಒಡೆಯದೆ ಉಳಿದ ಮೊಟ್ಟೆಯ ಕಡೆಗೂ ಒಮ್ಮೆ ನೋಡಿ ಎಂಬುದಷ್ಟೇ ನನ್ನ ಬಿನ್ನಹ. ಮುಂದಿನ ಬೆಳೆಗೆ ಹಾಳೆ ತರುವವರು ಮನೆಯಲ್ಲಿ ಒಂದು ಭೂತಗನ್ನಡಿಯನ್ನೂ ಒಂದು ನೋಟ್ ಪುಸ್ತಕವನ್ನೂ ಇಟ್ಟುಕೊಳ್ಳಿ. ತಾರೀಖು, ತಂಡದ ಸಂಖ್ಯೆ, ಬಿಳಿ, ಹಳದಿ, ನೀಲಿ ಎಂದು ಐದು ಮನೆಗಳನ್ನು ಗೆರೆ ಎಳೆಯಿರಿ. ವರ್ಷಕ್ಕೆ ಐದು ಬೆಳೆಯಾದರೆ ಐದು ಸಾಲು. ಆ ಐದು ಸಾಲುಗಳನ್ನು ತುಂಬುವ ಕೆಲಸವನ್ನು, ಈ ಕೆಲಸವನ್ನೆಲ್ಲ ಮಾಡುವ ಹೆಣ್ಣುಮಕ್ಕಳಿಗೇ ಒಪ್ಪಿಸಿ.